ಮಿರಗದ ಮಳೆಯ ತನಕ ಉಳಿಯಬೇಕು!

ಏಪ್ರಿಲ್ ತಿಂಗಳ ನಡುಮಧ್ಯಾಹ್ನ. ರೋಣದಿಂದ ಗಜೇಂದ್ರಗಡದ ಕಡೆ ಹೋಗುವ ದಾರಿಯ ಆಚೀಚೆ ಎರೆಹೊಲ ಕೈ ಇಳಿಯುವಷ್ಟು ಬಿರಿದಿದೆ. ಕಡಲೆ, ಬಿಳಿಜೋಳ ಮನೆ ಸೇರಿ ಬಹಳ ದಿನವಾಯಿತು. ಬದುವಿನ ಮೇಲೆ ಹಸಿರು ಉಳಿಸಿಕೊಂಡು ನಿಂತದ್ದು ಕರಿಜಾಲಿಯೊಂದೇ. ಅದರ ತಾಯಿಬೇರಿನೊಳಗೆ, ಕಗ್ಗತ್ತಲಲ್ಲಿ, ಒಂದು ಜೀವ ಗಟ್ಟಿ ಕಟ್ಟಿಗೆಯನ್ನು ಕಡಿಯುತ್ತಲೇ ಇದೆ. ಕಾಲಿಲ್ಲ. ಹುಟ್ಟಿದಾಗಿನಿಂದ ಬೆಳಕು ಕಂಡಿಲ್ಲ. ಇರುವುದು ಬೆರಳುದ್ದದ ಬಿಳಿಮೈ, ಎರಡು ಕಪ್ಪು ದವಡೆ. ಅಷ್ಟರಲ್ಲೇ ಬದುಕಬೇಕು.

ಸೆಲೊಸ್ಟರ್ನಾ ಸ್ಕ್ಯಾಬ್ರೇಟರ್ ಇದರ ಶಾಸ್ತ್ರೀಯ ಹೆಸರು. ಉದ್ದಮೀಸೆಯ ದುಂಬಿಗಳ ಕುಟುಂಬದ್ದು. 1781ರಲ್ಲಿ ಡೆನ್ಮಾರ್ಕಿನ ಕೀಟಶಾಸ್ತ್ರಜ್ಞ ಫ್ಯಾಬ್ರಿಸಿಯಸ್ ಇದನ್ನು ಮೊದಲು ವಿವರಿಸಿದ. ಜಾಲಿ ನೆಡುತೋಪಿನವರಿಗೆ, ವಿಜಯಪುರ–ಬಾಗಲಕೋಟೆಯ ದ್ರಾಕ್ಷಿ ಬೆಳೆಗಾರರಿಗೆ ಇದು ಗೊತ್ತು. ಉಳಿದವರಿಗೆ ಬರೀ ಹುಳ. ‘ಈ ಜಾಲಿಗೆ ಹುಳ ಬಿದ್ದೈತಿ ನೋಡೋ ತಮ್ಮಾ’ ಅಂದರೆ ಮಾತು ಮುಗಿಯಿತು. ಒಳಗೆ ನಡೆದಿರುವ ಹೋರಾಟ ಯಾರ ಕಿವಿಗೂ ಬೀಳುವುದಿಲ್ಲ.

ಕಳೆದ ಮಳೆಗಾಲದಲ್ಲಿ ತಾಯಿದುಂಬಿ ನೆಲದ ಹತ್ತಿರವೇ ತೊಗಟೆ ಕಚ್ಚಿ ಒಂದು ಮೊಟ್ಟೆ ತೂರಿಸಿತ್ತು. ಹೊರಬಂದ ಮರಿ ತೊಗಟೆಯಡಿ ಮೇಯ್ದು, ಕಟ್ಟಿಗೆಗೆ ಇಳಿದು, ಕೆಳಮುಖವಾಗಿ ಹೊರಟಿತು. ಮೇಲೆ ಮರಕುಟಿಗನ ಕೊಕ್ಕು. ಕೆಳಗೆ ಮಣ್ಣಿನ ಕಾವಲು. ಆದರೆ ಕೊರೆದ ಹುಡಿ ಸುರಂಗದಲ್ಲೇ ಉಳಿದರೆ ದಾರಿ ಕಟ್ಟುತ್ತದೆ! ಅದಕ್ಕೇ ನೆಲಮಟ್ಟದಲ್ಲಿ ಒಂದು ಕಿಂಡಿ. ಹುಡಿಯನ್ನೆಲ್ಲ ಅಲ್ಲಿಂದ ಹೊರಗೆ ತಳ್ಳುತ್ತದೆ. ಪ್ರಾಣ ಉಳಿಸುವ ಕಿಂಡಿಯೇ ಗುಟ್ಟು ಬಿಟ್ಟುಕೊಡುತ್ತದೆ. ಬುಡದಲ್ಲಿ ಬಿದ್ದ ಹುಡಿ ಕಂಡ ದ್ರಾಕ್ಷಿ ಬೆಳೆಗಾರ ಅದೇ ಕಿಂಡಿಯೊಳಗೆ ತಂತಿ ಹಾಕುತ್ತಾನೆ, ಔಷಧ ಬಿಟ್ಟು ಕೆಸರು ಮೆತ್ತುತ್ತಾನೆ. ಬದುವಿನ ಜಾಲಿಗೆ ಅಷ್ಟು ಆರೈಕೆ ಯಾರು ಮಾಡುತ್ತಾರೆ? ಇಲ್ಲಿ ಭಯ ಕೊಡಲಿಯದು.

ಧಡ್!

ಬಿತ್ತಿಗೆ ಹತ್ತಿರ ಬಂತು. ಕುಂಟೆಗೆ ಕಟ್ಟಿಗೆ ಬೇಕು, ಜಾಲಿಯಂಥ ಗಟ್ಟಿ ಕಟ್ಟಿಗೆ ಇನ್ನಾವುದಿದೆ! ಮತ್ತೊಂದು ಏಟು. ಕಾಂಡ ನಡುಗಿತು, ಬೇರು ನಡುಗಿತು, ಹುಳು ದವಡೆ ಬಿಗಿದು ನಿಂತಿತು. ಇನ್ನೊಂದು! ಕೊಂಬೆ ಮುರಿದು ನೆಲಕ್ಕುರುಳಿತು. ರೈತನಿಗೆ ಅಷ್ಟು ಸಾಕಾಗಿತ್ತು. ಬೊಡ್ಡೆ ಉಳಿಯಿತು.

ಆಮೇಲೆ ಎಲ್ಲಕ್ಕಿಂತ ಅಪಾಯದ ದಿನಗಳು. ಹುಳು ಕೋಶವಾಗಿದೆ. ಓಡಲಾಗದು, ಕಚ್ಚಲಾಗದು. ಹಳೆಯ ಮೈಯೆಲ್ಲ ಕರಗಿ ಕಾಲು, ರೆಕ್ಕೆ, ಸುರುಳಿ ಮೀಸೆ ಮೂಡುತ್ತಿವೆ. ಈಗ ಇರುವೆ ನುಗ್ಗಿದರೆ? ಬೇರು ಒಣಗಿದರೆ? ರೋಹಿಣಿ ಮಳೆ ಗುಡುಗಿ ಹೋಯಿತು, ಹನಿಯಲಿಲ್ಲ. ಕಾದಿತು. ಕೊನೆಗೆ ಮಿರಗದ ಮಳೆ ಸುರಿಯಿತು!

ದುಂಬಿ ಕಟ್ಟಿಗೆ ಕಡಿಯಿತು, ದುಂಡು ಬಾಗಿಲು ತೆರೆಯಿತು, ಹೊರಬಿತ್ತು. ಬೂದುಗಂದು ಮೈ, ಒಂದೂವರೆ ಇಂಚು. ಒಂದು ಗಳಿಗೆಯೂ ಕಳೆದಿಲ್ಲ, ಕಳಿಂಗ ಹಕ್ಕಿ ಎರಗಿತು! ಕೊಕ್ಕು ಬೆನ್ನ ಚಿಪ್ಪಿಗೆ ಬಡಿಯಿತು. ದುಂಬಿ ಎದೆಯ ಫಲಕಗಳನ್ನು ಉಜ್ಜಿ ‘ಕಿರ್‌ರ್’ ಎಂದು ಚೀರಿತು. ಹಕ್ಕಿ ಬೆಚ್ಚಿತು, ಹಿಡಿತ ಸಡಿಲವಾಯಿತು. ದುಂಬಿ ಜಾಲಿಮುಳ್ಳಿನ ನಡುವೆ ಬಿದ್ದು ಮರೆಯಾಯಿತು.

ಇದು ಗಿಡಕ್ಕೆ ಶತ್ರು, ಅದರಲ್ಲಿ ಎರಡು ಮಾತಿಲ್ಲ. ಎಳೆಗೊಂಬೆಯ ತೊಗಟೆ ತಿಂದು ಒಣಗಿಸುತ್ತದೆ. ಇದರ ಮರಿ ಪೊಳ್ಳು ಮಾಡಿದ ಸಸಿ ಗಾಳಿಗೆ ಮುರಿಯುತ್ತದೆ. ಆದರೂ ಆ ಚೀರು ಕೇಳಿದ ಮೇಲೆ ನನ್ನ ಮನಸ್ಸು ದುಂಬಿಯ ಪಕ್ಷವೇ.

ವರ್ಷವಿಡೀ ಕತ್ತಲು, ಬೆಳಕಿಗೆ ಉಳಿದದ್ದು ಕೆಲವೇ ವಾರ. ಸಂಗಾತಿ ಸಿಕ್ಕಿತು. ಈಗ ಅದು ಎಳೆಜಾಲಿಯೊಂದರ ಬುಡಕ್ಕೆ ಇಳಿದು ತೊಗಟೆ ಕಚ್ಚುತ್ತಿದೆ. ಒಂದು ಮೊಟ್ಟೆ. ಮತ್ತೊಂದು ಗಿಡ, ಇನ್ನೊಂದು ಮೊಟ್ಟೆ. ನರಗುಂದದ ಕಡೆಯಿಂದ ಮೋಡ ಏರಿ ಬರುತ್ತಿವೆ, ಹೊಲದಲ್ಲಿ ಹೆಸರು ಬಿತ್ತುವ ಕೂರಿಗೆ ಓಡುತ್ತಿದೆ, ಕಳಿಂಗ ಮತ್ತೆ ಬಂದು ಬದುವಿನ ತಂತಿಯ ಮೇಲೆ ಕೂತಿದೆ. ದುಂಬಿ ಮುಂದಿನ ಗಿಡಕ್ಕೆ ಹಾರಿತು.