ನಮ್ಮ ಬಡಾವಣೆಯ ನಕ್ಷೆ

ಮಲ್ಲೇಶ್ವರದ ಪೂರ್ವಕ್ಕೆ, ಗುಟ್ಟಹಳ್ಳಿಯ ಕಡೆಗೆ ಇಳಿಯುವ ಏರುತಗ್ಗಿನ ನೆಲದ ಮೇಲೆ ನಮ್ಮ ವೈಯಾಲಿಕಾವಲ್ ಇದೆ. ವೈಯಾಳಿ ಎಂದರೆ ಕುದುರೆಯ ಸವಾರಿ. ಕಾವಲ್ ಎಂದರೆ ಮೇವಿಗಾಗಿ ಕಾದಿರಿಸಿದ ಹುಲ್ಲುಗಾವಲು. ಈಗ ಇಲ್ಲಿ ಕುದುರೆಯೂ ಇಲ್ಲ, ಹುಲ್ಲೂ ಇಲ್ಲ. ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನವಿದೆ, ತಿರುಪತಿ ದೇವಸ್ಥಾನದವರ ಗುಡಿಯಿದೆ, ಊರಿನ ಹೆಸರನ್ನೇ ಹೊತ್ತ ಪೊಲೀಸು ಠಾಣೆಯಿದೆ. ಆದರೂ ೨೦೧೦ ರ ಪಾಲಿಕೆಯ ಚುನಾವಣೆಗೆ ಸಿದ್ಧವಾದ ೧೯೮ ವಾರ್ಡುಗಳ ಪಟ್ಟಿಯಲ್ಲಿ ರಾಜಮಹಲ್ ಗುಟ್ಟಹಳ್ಳಿ ಇತ್ತು, ಕಾಡುಮಲ್ಲೇಶ್ವರ ಇತ್ತು, ವೈಯಾಲಿಕಾವಲ್ ಇರಲಿಲ್ಲ. ಇರುವ ಊರು ಪಟ್ಟಿಯಲ್ಲಿ ಇಲ್ಲವೆಂಬ ಈ ಸಣ್ಣ ಕೊರಗೇ ನನ್ನನ್ನು ವೃದ್ಧಾಪ್ಯದಲ್ಲಿ ನಕ್ಷೆಯ ಕೆಲಸಕ್ಕೆ ಎಳೆದುದು.

ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಸಾರ್ವಜನಿಕ ಭೂಪಟದ ವಿಷಯವನ್ನು ವಾಚಕರಲ್ಲಿ ಕೆಲವರು ಬಲ್ಲರು. ೨೦೦೪ ರಲ್ಲಿ ಸ್ಟೀವ್ ಕೋಸ್ಟ್ ಎಂಬವರು ಇಂಗ್ಲೆಂಡಿನಲ್ಲಿ ಇದನ್ನು ಆರಂಭಿಸಿದರು. ಯಾರು ಬೇಕಾದರೂ ತಮ್ಮ ಬೀದಿಯನ್ನು ಅದರಲ್ಲಿ ಬರೆಯಬಹುದು, ಬರೆದುದನ್ನು ತಿದ್ದಬಹುದು, ಬೆಲೆಯಿಲ್ಲದೆ ಬಳಸಬಹುದು. ಬರೆದವರಾರು, ತಿದ್ದಿದವರಾರು, ಯಾವ ದಿನ ಎಂಬುದೆಲ್ಲ ಅದರಲ್ಲಿಯೇ ದಾಖಲಾಗಿರುತ್ತದೆ.

ಈ ಕೆಲಸದಲ್ಲಿ ನನಗಿಂತ ಮೊದಲೇ ತೊಡಗಿದ್ದವರು ನಮ್ಮ ಪಕ್ಕದ ಬೀದಿಯ ನಿವೃತ್ತ ಅಂಚೆಯವರೊಬ್ಬರು. ಇಪ್ಪತ್ತೆಂಟು ವರ್ಷ ಈ ಸುತ್ತಿನಲ್ಲಿ ಕಾಗದ ಹಂಚಿದವರು. ಯಾವ ಗಲ್ಲಿ ಮುಂದಕ್ಕೆ ಕೂಡುತ್ತದೆ, ಯಾವುದು ಗೋಡೆಗೆ ಮುಗಿಯುತ್ತದೆ, ಎಲ್ಲಿ ಬೀದಿ ನಿಂತು ಮೆಟ್ಟಿಲು ಮೊದಲಾಗುತ್ತದೆ ಎಂಬುದನ್ನು ಅವರ ಕಾಲುಗಳೇ ಬಲ್ಲವು. ಮೊಮ್ಮಗನಿಂದ ಕಲಿತು, ಬೆಳಗಿನ ನಡಿಗೆಯಲ್ಲಿ ದಿನಕ್ಕೆ ಒಂದು ಎರಡರಂತೆ ಇವನ್ನೆಲ್ಲ ಅವರು ನಕ್ಷೆಗೆ ಸೇರಿಸುತ್ತಿದ್ದರು. ಬಡಾವಣೆಯ ಹೆಸರನ್ನು ಕನ್ನಡದಲ್ಲಿ ಸರಿಯಾಗಿ ಬರೆದವರೂ ಅವರೇ.

ನಾನಾದರೋ ಕಛೇರಿಯಲ್ಲಿ ಕಡತಗಳ ನಡುವೆ ಬದುಕಿದವನು; ಕಡತವೆಂದರೆ ನನಗೆ ಮೊದಲಿನಿಂದಲೂ ಗೌರವ. ಒಂದು ದಿನ ಸರ್ಕಾರದ ಇಲಾಖೆಯೊಂದರ ಬೀದಿಗಳ ಕಡತ ನನ್ನ ಕೈಗೆ ಸಿಕ್ಕಿತು. ನಮ್ಮ ಭಾಗದ ರಸ್ತೆ, ಚರಂಡಿ, ಉದ್ಯಾನ, ಎಲ್ಲಕ್ಕೂ ಗೆರೆ, ಎಲ್ಲಕ್ಕೂ ಸಂಖ್ಯೆ! ಮುದುಕರಿಬ್ಬರು ವರ್ಷಗಟ್ಟಲೆ ಮಾಡಬೇಕಾದುದನ್ನು ಯಾರೋ ಪುಣ್ಯಾತ್ಮರು ಮಾಡಿಟ್ಟಿದ್ದಾರೆಂದು ಹಿಗ್ಗಿದೆನು. ಯಾರನ್ನೂ ಕೇಳಲಿಲ್ಲ. ಒಂದೇ ರಾತ್ರಿಯಲ್ಲಿ ನಕ್ಷೆಯ ಹಳೆಯ ಗೆರೆಗಳನ್ನು ಅಳಿಸಿ ಕಡತದ ಗೆರೆಗಳನ್ನು ಅವುಗಳ ಸ್ಥಾನದಲ್ಲಿ ತುಂಬಿ, ದೊಡ್ಡ ಲೋಕೋಪಕಾರ ಮಾಡಿದವನಂತೆ ಮಲಗಿದೆನು.

ನಾಲ್ಕನೆಯ ದಿನ ಅಂಚೆಯವರು ಬಂದರು. ಜಗಲಿಯಲ್ಲಿ ಕುಳಿತು ನೀರು ಕೇಳಿ ಕುಡಿದರು.

“ರಾಯರೆ, ನಮ್ಮ ಮೆಟ್ಟಿಲು ನಕ್ಷೆಯಲ್ಲಿ ಕಾಣುವುದಿಲ್ಲವಲ್ಲ! ಅಲ್ಲಿ ಈಗ ನೆಟ್ಟಗೆ ರಸ್ತೆಯಿದೆ. ನಿನ್ನೆ ಸಾಮಾನು ತಂದ ಹುಡುಗ ಗಾಡಿ ಸಮೇತ ಮೆಟ್ಟಿಲ ಮುಂದೆ ಬಂದು ನಿಂತುಬಿಟ್ಟಿದ್ದ. ಊರಿನ ಹೆಸರೂ ‘ವ್ಯಾಲಿಕವಲ್’ ಎಂದಾಗಿದೆ. ಯಾರೋ ಅವಸರದಲ್ಲಿ ಮಾಡಿರಬೇಕು.”

ಕಡತದಲ್ಲಿ ಹೆಸರು ಇಂಗ್ಲಿಷಿನಲ್ಲಿತ್ತು. ಅದನ್ನು ಯಂತ್ರದಿಂದ ಕನ್ನಡಕ್ಕೆ ತಿರುಗಿಸಿದವನು ನಾನೇ. ಕುದುರೆಯೂ ಕಾವಲೂ ಎರಡೂ ಒಂದೇ ಏಟಿಗೆ ಹೋಗಿದ್ದವು. “ಯಾರೋ” ಎಂದು ಅವರು ಹೇಳಿದಾಗ ನನ್ನ ಮುಖ ಕೆಂಪಾಯಿತು. ಮಾಡಿದವರ ಹೆಸರು ನಕ್ಷೆಯಲ್ಲಿಯೇ ಇರುವುದೆಂದು ಮೇಲೆಯೇ ಹೇಳಿದೆನಷ್ಟೆ. ಅವರು ಅದನ್ನು ನೋಡಿಯೇ ಬಂದಿದ್ದರು. ನೋಡಿಯೂ “ಯಾರೋ” ಎಂದರು. ಆ ಒಂದು ಮಾತಿನ ದಾಕ್ಷಿಣ್ಯ ಬೈಗುಳಕ್ಕಿಂತ ಹೆಚ್ಚಾಗಿ ನನ್ನನ್ನು ಚುಚ್ಚಿತು. “ಆ ಯಾರೋ ನಾನೇ, ಕ್ಷಮಿಸಬೇಕು” ಎಂದೆನು. ಅವರು ನಕ್ಕು, “ಹಾಗಾದರೆ ಒಳ್ಳೆಯದೇ ಆಯಿತು, ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ” ಎಂದರು.

ಮಾಡಿದ ಮೇಲೆ ನಿಯಮಗಳನ್ನು ಓದಿದೆನು, ಮೊದಲೇ ಓದಬೇಕಾಗಿತ್ತು. ದೊಡ್ಡ ಕಡತವನ್ನು ಸೇರಿಸುವವನು ತನ್ನ ಉದ್ದೇಶವನ್ನು ಮುಂಚಿತವಾಗಿ ಇತರರಿಗೆ ತಿಳಿಸಿ ಚರ್ಚಿಸಬೇಕು. ಆ ಕೆಲಸಕ್ಕೆ ಬೇರೆಯೇ ಖಾತೆಯಿಡಬೇಕು. ಮಾಹಿತಿಯನ್ನು ಸೇರಿಸಲು ಅದರ ಒಡೆಯರ ಅನುಮತಿ ಇದೆಯೆ ಎಂದು ನೋಡಬೇಕು. ೨೦೧೨ ರಿಂದ ಈ ನಕ್ಷೆಯ ಮಾಹಿತಿಗೆ ತನ್ನದೇ ಆದ ಮುಕ್ತ ಪರವಾನಗಿಯೊಂದಿದೆ. ಅದಕ್ಕೆ ಹೊಂದದ ಷರತ್ತುಗಳುಳ್ಳದ್ದು ಒಳಗೆ ಬರುವಂತಿಲ್ಲ. ೨೦೨೧ ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರವು ನಕ್ಷೆಗಳ ಮೇಲಿದ್ದ ಕಟ್ಟುಗಳನ್ನು ಬಹುಮಟ್ಟಿಗೆ ಸಡಿಲಿಸಿತು, ನಿಜ. ಆದರೆ ನೋಡಲು ಸಿಕ್ಕುವುದು ಬೇರೆ, ಎತ್ತಿಕೊಂಡು ಹಂಚಲು ಹಕ್ಕಿರುವುದು ಬೇರೆ.

ಅಮೆರಿಕದಲ್ಲಿ ಇದೇ ತಪ್ಪು ದೇಶದಷ್ಟು ದೊಡ್ಡದಾಗಿ ನಡೆದಿದೆ. ಅಲ್ಲಿನ ಜನಗಣತಿಯ ಇಲಾಖೆ ಟೈಗರ್ ಎಂಬ ರಸ್ತೆಗಳ ಮಾಹಿತಿಯನ್ನು ಎಲ್ಲರಿಗೂ ಮುಕ್ತವಾಗಿ ಕೊಡುತ್ತದೆ. ೨೦೦೭-೦೮ ರಲ್ಲಿ ಅದನ್ನು ಒಟ್ಟಾಗಿ ಈ ನಕ್ಷೆಗೆ ತುಂಬಿದರು. ಅನುಮತಿಯ ತೊಡಕೇನೂ ಇರಲಿಲ್ಲ. ಖಾಲಿಯಾಗಿದ್ದ ದೇಶ ತುಂಬಿದಂತೆ ಕಂಡಿತು. ಆದರೆ ವಾರೆಯಾದ ರಸ್ತೆಗಳೂ ಇಲ್ಲದ ರಸ್ತೆಗಳೂ ಜೊತೆಯಲ್ಲಿ ಬಂದವು. ಅವನ್ನು ತಿದ್ದುವ ಕೆಲಸ ಹತ್ತು ವರ್ಷ ಕಳೆದರೂ ಮುಗಿಯಲಿಲ್ಲ. ತುಂಬಿದ ಹಾಳೆಯನ್ನು ಕಂಡವನು ತಾನು ಮಾಡಬೇಕಾದುದು ಏನೂ ಉಳಿದಿಲ್ಲವೆಂದು ಭಾವಿಸುತ್ತಾನೆ; ಗೆರೆಗಳಿರುತ್ತವೆ, ಅವುಗಳ ಯೋಗಕ್ಷೇಮ ನೋಡುವವರಿರುವುದಿಲ್ಲ.

ಹಾಗೆಂದು ಸರ್ಕಾರದ ಅಳತೆಯನ್ನು ಹಗುರವಾಗಿ ಕಾಣುವುದು ನನ್ನ ಉದ್ದೇಶವಲ್ಲ. ಭಾರತವನ್ನು ಅಳೆದ ಮಹಾಕಾರ್ಯದ ಮೊದಲ ಹೆಜ್ಜೆಗಳಲ್ಲಿ ನಮ್ಮ ಊರಿನದೂ ಒಂದು. ೧೮೦೦ ರಲ್ಲಿ ಲ್ಯಾಂಬ್ಟನ್ನನು ಬೆಂಗಳೂರಿನ ಬಳಿ ಏಳು ಮೈಲಿಗೂ ಮೀರಿದ ಆಧಾರರೇಖೆಯನ್ನು ಅಳೆದನು. ಮುಂದೆ ೧೮೦೨ ರಲ್ಲಿ ಮದರಾಸಿನಲ್ಲಿ ಬೇರೊಂದು ರೇಖೆಯನ್ನು ಅಳೆದು, ಅಲ್ಲಿಂದ ತ್ರಿಕೋನಗಳ ಲೆಕ್ಕ ಕಟ್ಟುತ್ತ ಪಶ್ಚಿಮಕ್ಕೆ ಬಂದನು. ಲೆಕ್ಕ ಸರಿಯೆಂದು ಅಷ್ಟಕ್ಕೇ ನಂಬಿದನೆ? ಇಲ್ಲ. ೧೮೦೪ ರಲ್ಲಿ ಬೆಂಗಳೂರಿನ ನೆಲದ ಮೇಲೆ ಮತ್ತೆ ಸರಪಳಿ ಹಾಸಿ ಅಳೆಯಿಸಿದನು. ಲೆಕ್ಕಕ್ಕೂ ನೆಲಕ್ಕೂ ಕಂಡ ವ್ಯತ್ಯಾಸ ಕೆಲವು ಅಂಗುಲ ಮಾತ್ರ. ಅಷ್ಟು ಬಲ್ಲವನೇ ನೆಲವನ್ನು ಮತ್ತೆ ಕೇಳಿರುವಾಗ, ಏನೂ ಅಳೆಯದ ನಾನು ಕೇಳದೆ ಹೋದುದು ಅವಿವೇಕವಲ್ಲದೆ ಮತ್ತೇನು?

ಕಡತಕ್ಕೆ ಮುಪ್ಪೂ ಬೇಗ. ನಮ್ಮ ನಗರದ ವಾರ್ಡುಗಳನ್ನೇ ನೋಡಬಹುದು: ೧೯೮ ಇದ್ದುವು ೨೦೨೨ ರಲ್ಲಿ ೨೪೩ ಆದವು, ೨೦೨೩ ರಲ್ಲಿ ೨೨೫ ಆದವು, ೨೦೨೫ ರಲ್ಲಿ ಪಾಲಿಕೆಯೇ ಐದಾಯಿತು. ಯಾವ ವರ್ಷದ ಕಡತವೆಂಬುದನ್ನು ಕೇಳದೆ ಅದನ್ನು ತುಂಬಿದವನು ಇಲ್ಲದ ಊರನ್ನು ಬರೆದಂತಾಗುತ್ತದೆ.

ನಾನು ತುಂಬಿದುದನ್ನೆಲ್ಲ ಹಿಂದೆಗೆದು ನಕ್ಷೆಯನ್ನು ಮೊದಲಿನ ಸ್ಥಿತಿಗೆ ತಂದೆನು. ಕಡತವನ್ನು ಬಳಸಲು ಇಲಾಖೆಗೆ ಬರೆದು ಒಪ್ಪಿಗೆ ಪಡೆದುದಾಯಿತು. ಇತರ ನಕ್ಷೆಗಾರರಿಗೆ ತಿಳಿಸಿದುದೂ ಆಯಿತು. ಬಳಿಕ ಅಂಚೆಯವರೂ ನಾನೂ ಕಡತದ ಹಾಳೆಗಳನ್ನು ಕೈಯಲ್ಲಿ ಹಿಡಿದು ಬೆಳಗಿನ ಹೊತ್ತು ಬೀದಿ ಬೀದಿ ನಡೆದೆವು. ಕಡತವು ಹೇಳಿದುದನ್ನು ಕಣ್ಣು ಒಪ್ಪಿದರೆ ಸೇರಿಸುವುದು, ಒಪ್ಪದಿದ್ದರೆ ಬಿಡುವುದು. ಎಲ್ಲ ಕಡೆಯೂ ನಾವೇ ಗೆದ್ದೆವೆಂದು ಹೇಳಲಾರೆ. ನಾವಿಬ್ಬರೂ ಎಂದೂ ಲಕ್ಷ್ಯಕ್ಕೆ ತಾರದ ಚರಂಡಿಯ ಜಾಡನ್ನು ಕಡತ ಸರಿಯಾಗಿ ತೋರಿಸಿತು. ಅಂಚೆಯವರು ನೆನಪಿನಿಂದಲೇ ಬರೆದಿದ್ದ ಒಂದು ಓಣಿ ಕಡತದಲ್ಲಿರಲಿಲ್ಲ; ಹೋಗಿ ನೋಡಿದರೆ ಅಲ್ಲಿ ಗೋಡೆ ಎದ್ದು ಬಹಳ ಕಾಲವಾಗಿತ್ತು. ಗೋಡೆಯ ಮುಂದೆ ಅವರು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. “ಈ ಓಣಿಯ ಕೊನೆಯ ಮನೆಗೆ ತಿಂಗಳು ತಿಂಗಳೂ ಮನಿಯಾರ್ಡರು ತರುತ್ತಿದ್ದೆ” ಎಂದು, ಓಣಿಯನ್ನು ತಮ್ಮ ಕೈಯಿಂದಲೇ ಅಳಿಸಿದರು.

ಒಂದೇ ರಾತ್ರಿಯಲ್ಲಿ ಮುಗಿಸಿದ್ದ ಕೆಲಸಕ್ಕೆ ಈ ಸಲ ಹನ್ನೊಂದು ವಾರ ಹಿಡಿಯಿತು. ಮೆಟ್ಟಿಲು ತನ್ನ ಸ್ಥಳದಲ್ಲಿದೆ. ಊರು ಮತ್ತೆ ವೈಯಾಲಿಕಾವಲ್ ಆಗಿದೆ. ಕಡತವನ್ನು ಬರೆದವನೂ ಒಂದು ಕಾಲದಲ್ಲಿ ನಡೆದೇ ಬರೆದಿರಬೇಕು. ಅವನ ನಡಿಗೆಗೆ ಸಲ್ಲಿಸಬಹುದಾದ ಗೌರವವೆಂದರೆ ನಾವೂ ಒಮ್ಮೆ ನಡೆದು ನೋಡುವುದು.

ಅಂಚೆಯವರಿಗೆ ಈಗ ಮಂಡಿಯ ನೋವು, ಮೆಟ್ಟಿಲು ಹತ್ತಲಾರರು. ಹೊಸ ಪಾಲಿಕೆಗಳ ಕಡತ ಬಂದರೆ ಏನು ಮಾಡೋಣವೆಂದು ಮೊನ್ನೆ ಕೇಳಿದೆನು. “ನೀವು ನಡೆದು ಬನ್ನಿ, ರಾಯರೆ. ನಾನು ಇಲ್ಲಿ ಕುಳಿತು ತಪ್ಪು ಹಿಡಿಯುತ್ತೇನೆ” ಎಂದರು.