ಲೆಕ್ಕ ಒಪ್ಪಿಸುವ ಹೊತ್ತು

2017ರ ಜೂನ್ 17ರಂದು ಪೋರ್ಚುಗಲ್ ದೇಶದ ಪೆದ್ರೋಗಾವ್ ಗ್ರಾಂದೆ ಪ್ರಾಂತದಲ್ಲಿ ಹೊತ್ತಿದ ಕಾಡ್ಗಿಚ್ಚು 66 ಜೀವಗಳನ್ನು ಆಹುತಿ ತೆಗೆದುಕೊಂಡಿತು. ಅವರಲ್ಲಿ ಬಹುಪಾಲು ಮಂದಿ ಕಾರುಗಳಲ್ಲಿ ಪಾರಾಗಲು ಹೊರಟು ಒಂದೇ ರಸ್ತೆಯಲ್ಲಿ ಸಿಲುಕಿದವರು. ಸರ್ಕಾರ ಸಾಂತ್ವನ ಹೇಳಿತು, ಮೂರು ದಿನಗಳ ಶೋಕಾಚರಣೆ ನಡೆಯಿತು. ಅಕ್ಟೋಬರ್‌ನಲ್ಲಿ ಮತ್ತೆ ಕಾಡು ಹೊತ್ತಿತು. ಸುಮಾರು 50 ಮಂದಿ ಮಡಿದರು. ಅನಂತರವೇ ಗೃಹ ಖಾತೆಯ ಸಚಿವೆ ಪದವಿ ತೊರೆದರು. ಪ್ರಧಾನಿ ಕ್ಷಮೆ ಕೋರಿದರು.

ನನ್ನನ್ನು ಇಂದಿಗೂ ಕಾಡುವುದು ನಡುವಿನ ಆ ನಾಲ್ಕು ತಿಂಗಳು. ಮೊದಲ ಚಿತೆಗಳು ಕಲಿಸಿದ ಪಾಠಕ್ಕೆ ಎರಡನೆಯ ಚಿತೆಗಳೇಕೆ ಬೇಕಾದವು? ಅಧಿಕಾರವೆಂಬುದು ಪರರ ಪ್ರಾಣವನ್ನು ನಂಬಿ ಒಪ್ಪಿಸಿದ ಮನೆವಾರ್ತೆ. ಮನೆವಾರ್ತೆಯವನು ಲೆಕ್ಕ ಕೊಡಲೇಬೇಕು. ಮಡಿದವರಿಗಾಗಿ ಮೇಣದಬತ್ತಿ ಹಚ್ಚುವ ನಾವು, ಬೇಸಿಗೆಗೆ ಮುನ್ನವೇ ಆಳುವವರಿಂದ ಆ ಲೆಕ್ಕ ಕೇಳಬೇಡವೇ?