ಗಾಜಿನಿಂದ ತಾಮ್ರಕ್ಕೆ: ಅಕ್ಕಿಆಲೂರಿನ ಗಿರಣಿಯೊಂದರಲ್ಲಿ ಬರೆದುಕೊಂಡದ್ದು

ಗೇಟಿನ ಹತ್ತಿರ ವೇ ಬ್ರಿಜ್, ಗಿರಣಿಯ ಒಳಗೆ ಪ್ಯಾನೆಲ್ ಬೋರ್ಡು. ನಡುವೆ ದೊಡ್ಡ ಕಣ. ಈಥರ್ನೆಟ್‌ನ ತಾಮ್ರದ ತಂತಿ 100 ಮೀಟರಿಗಿಂತ ಆಚೆ ನಂಬಿಕೆಗೆ ಬಾರದು, ಅದಕ್ಕೇ ಫೈಬರ್. ಆದರೆ ಬೆಳಕಾಗಿ ಇಷ್ಟು ದೂರ ಬಂದದ್ದನ್ನು ಕೊನೆಯ ಒಂದು ಮಾರಿನಲ್ಲಿ ಮತ್ತೆ ತಾಮ್ರಕ್ಕೆ ಇಳಿಸುವುದೇಕೆ? ಎಲೆಕ್ಟ್ರಿಷಿಯನ್ ಯಂತ್ರಗಳನ್ನು ನಡೆಸುವ ನಿಯಂತ್ರಕವಾದ ಪಿಎಲ್‌ಸಿಯನ್ನು ತೋರಿಸಿದರು. ಅದಕ್ಕಿರುವುದು ತಾಮ್ರದ ತಂತಿಯ ಆರ್‌ಜೆ45 ಕಿಂಡಿ ಒಂದೇ. ಬೆಳಕನ್ನು ತಾಮ್ರಕ್ಕೆ ಇಳಿಸುವ ಪೆಟ್ಟಿಗೆಯೇ ಮೀಡಿಯಾ ಕನ್ವರ್ಟರ್. 2011ರಲ್ಲಿ ಕೇಂದ್ರ ಒಪ್ಪಿದ, ಈಗ ಭಾರತ್‌ನೆಟ್ ಎನ್ನುವ ಯೋಜನೆಯ ಫೈಬರ್ ಗ್ರಾಮ ಪಂಚಾಯಿತಿಗೆ ಬಂದರೂ ಕಂಪ್ಯೂಟರ್ ಮುಟ್ಟುವ ಮೊದಲು ಇಂಥದೇ ಒಂದು ಪೆಟ್ಟಿಗೆಯಲ್ಲಿ ನಿಲ್ಲುತ್ತದೆ.

ಕನ್ವರ್ಟರ್ ಅಂಗೈಯಗಲದ ಲೋಹದ ಡಬ್ಬಿ. 35 ಮಿಲಿಮೀಟರಿನ ಡಿನ್ ರೈಲಿಗೆ ಮೇಲಿನ ಕೊಕ್ಕೆ ಸಿಕ್ಕಿಸಿ ಕೆಳಗೆ ಒತ್ತಿದರೆ ಕೂತಿತು. ಫ್ಯಾನಿಲ್ಲ, ತೌಡಿನ ಧೂಳಿಗೆ ಅದೇ ಒಳ್ಳೆಯದು. 24 ವೋಲ್ಟ್ ಡಿಸಿಗೆ ಎರಡು ಜೋಡಿ ಟರ್ಮಿನಲ್ ಏಕೆ? ಒಂದು ಸಪ್ಲೈ (ಎಸ್‌ಎಂಪಿಎಸ್) ಸುಟ್ಟರೆ ಇನ್ನೊಂದು ಹಿಡಿಯಲಿ ಎಂದು. ಎರಡಕ್ಕೂ ಒಂದೇ ಸಪ್ಲೈ ಕೊಟ್ಟರೆ ಏನು ಸಾರ್ಥಕ?

ಫೈಬರಿನ ಎಳೆಗಳು ಎರಡು. ಈಚೆಯ ಕಳಿಸುವ ಕಿಂಡಿ (ಟಿಎಕ್ಸ್) ಆಚೆಯ ಪಡೆಯುವ ಕಿಂಡಿಗೆ (ಆರ್‌ಎಕ್ಸ್) ಹೋಗಬೇಕು, ಇಲ್ಲವಾದರೆ ಲಿಂಕ್ ದೀಪ ಹತ್ತದು. ಒಂದೇ ಎಳೆಯಲ್ಲಿ ನಡೆಯುವ ಮಾದರಿಯೂ ಉಂಟು: ಒಂದು ತುದಿ 1310 ನ್ಯಾನೋಮೀಟರಿನಲ್ಲಿ ಕಳಿಸಿ 1550ರಲ್ಲಿ ಪಡೆಯುತ್ತದೆ, ಇನ್ನೊಂದು ತುದಿ ಇದರ ತಿರುಗಾಮುರುಗಾ. ಅದನ್ನು ಜೋಡಿಯಾಗಿಯೇ ಕೊಳ್ಳಬೇಕು.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಅರ್ಥಿಂಗ್. ಅಕ್ಕಿಆಲೂರು ಇರುವ ಹಾನಗಲ್ ಸೀಮೆ ಮಲೆನಾಡಿನ ಸೆರಗು; ಮುಂಗಾರಿಗೆ ಮೊದಲಿನ ಮಳೆ ಸಿಡಿಲನ್ನು ಕಟ್ಟಿಕೊಂಡೇ ಬರುತ್ತದೆ. ಗಾಜಿನಲ್ಲಿ ವಿದ್ಯುತ್ ಹರಿಯದು, ಸಿಡಿಲಿನ ಹೊಡೆತ ಗೇಟಿನಿಂದ ಒಳಕ್ಕೆ ದಾಟದು ಎಂದೇ ಫೈಬರ್ ಹಾಕಿಸಿದ್ದು. ಹಾಗಿದ್ದೂ ಎಲೆಕ್ಟ್ರಿಷಿಯನ್ ಕೇಬಲಿನ ತುದಿಗೆ ಅರ್ಥಿಂಗಿನ ಹಸಿರು ತಂತಿ ಕಟ್ಟುತ್ತಿದ್ದರು. ಏಕೆಂದು ಕೇಳಿದೆ.

"ಗಾಜಿನ್ಯಾಗ ಹಾಯಂಗಿಲ್ರಿ ಸರ. ಮ್ಯಾಲಿನ ಉಕ್ಕಿನ್ಯಾಗ ಹಾಯ್ತೈತಿ."

ಗಿರಣಿಯಲ್ಲಿ ಹೆಗ್ಗಣಗಳ ಕಾಟ. ಅವು ಕಡಿಯದಿರಲೆಂದು ಉಕ್ಕಿನ ಕವಚವಿರುವ ಆರ್ಮರ್ಡ್ ಕೇಬಲ್ ತಂದಿದ್ದಾರೆ. ಹೆಗ್ಗಣವನ್ನು ತಡೆಯುವ ಆ ಕವಚವೇ ಸಿಡಿಲಿಗೆ ದಾರಿ! ಅದಕ್ಕೇ ಅದನ್ನು ಪ್ಯಾನೆಲಿನ ಹೊರಗೇ ಕತ್ತರಿಸಿ ಅರ್ಥ್‌ಗೆ ಕಟ್ಟಿ, ಒಳಕ್ಕೆ ಬರೀ ಗಾಜಿನೆಳೆ ಬಿಟ್ಟರು. ಡಬ್ಬಿಯ ಅರ್ಥ್ ಸ್ಕ್ರೂಗೂ ಬೇರೊಂದು ತಂತಿ. ಇಡೀ ಕೆಲಸದಲ್ಲಿ ಅತ್ಯಂತ ವಿವೇಕದ ಹೆಜ್ಜೆ ಇದೇ ಎನ್ನುತ್ತೇನೆ. ಬಿಲ್ಲಿನಲ್ಲಿ ಇದಕ್ಕೊಂದು ಸಾಲು ಇರುವುದಿಲ್ಲ, ಅದಕ್ಕೇ ಎಷ್ಟೋ ಕಡೆ ಬಿಟ್ಟುಹೋಗುತ್ತದೆ.

ಇನ್ನೊಂದು ಸೋಜಿಗ. ಫೈಬರ್ ಕಡಿದುಹೋದರೂ ತಾಮ್ರದ ಕಡೆಯ ದೀಪ ಹಸಿರಾಗಿಯೇ ಉರಿಯಬಹುದು. ಪಿಎಲ್‌ಸಿಗೆ ದಾರಿ ಸರಿಯಿದೆ ಎಂದೇ ಭಾವನೆ. ಕೆಲವು ಡಬ್ಬಿಗಳಲ್ಲಿ ಇದಕ್ಕೊಂದು ಡಿಪ್ ಸ್ವಿಚ್ ಇದೆ. ಅದು ಆನ್ ಇದ್ದರೆ ಫೈಬರ್ ಹೋದೊಡನೆ ತಾಮ್ರದ ಲಿಂಕೂ ಕಡಿಯುತ್ತದೆ, ದೋಷ ಬಚ್ಚಿಟ್ಟುಕೊಳ್ಳುವುದಿಲ್ಲ.

ಗಿರಣಿ, ಪಂಪ್‌ಹೌಸುಗಳಲ್ಲಿ ದುಡಿಯುವವರಿಗೆ ಒಂದು ಮಾತು: ಬಿಚ್ಚಿದ ಫೈಬರಿನ ತುದಿಗೆ ಕಣ್ಣಿಟ್ಟು ಬೆಳಕು ಬರುತ್ತಿದೆಯೇ ಎಂದು ನೋಡಬೇಡಿ. ಅದು ಕಣ್ಣಿಗೆ ಕಾಣದ ಲೇಸರ್ ಬೆಳಕು. ಆಪ್ಟಿಕಲ್ ಪವರ್ ಮೀಟರ್ ಹಚ್ಚಿ ನೋಡಿ.